ಕುರ್ಚಿಯ ಮೇಲಿನ ಟವೆಲ್ಲು

ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಗಾದೆಯನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಸಿಂಧನೂರಿನ ಒಂದು ಸರ್ಕಾರಿ ಕಚೇರಿಯಲ್ಲಿ, ಎಂಬತ್ತರ ದಶಕದ ಕೊನೆಯಲ್ಲಿ. ನಾನಾಗ ಗುಮಾಸ್ತ, ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದರೆ ಮಾತ್ರ ಹೆಣ್ಣು ಕೊಡುವುದಾಗಿ ಸಾಲಗುಂದದ ಸೋದರಮಾವ ಹಟ ಹಿಡಿದು ಕೂತಿದ್ದರು. ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಬಾಯಿ ಮುಚ್ಚಿಕೊಂಡಿರುತ್ತಾನೆ. ನಾನು ಪ್ರಬಂಧ ಬರೆದೆ.

ಬರೆದದ್ದು ನಮ್ಮ ಸಾಹೇಬರ ಟವೆಲ್ಲಿನ ಬಗ್ಗೆ. ಅವರ ಕುರ್ಚಿಯ ಬೆನ್ನಿಗೆ ಸದಾ ಒಂದು ನೀಲಿ ಟವೆಲ್ಲು ಇರುತ್ತಿತ್ತು. ಸಾಹೇಬರು ಮನೆಯಲ್ಲಿ ಮಲಗಿರಲಿ, ಬೀಗರ ಊರಿಗೇ ಹೋಗಿರಲಿ, ಟವೆಲ್ಲು ಇದ್ದರೆ ಅವರು ಇದ್ದಾರೆ ಎಂದೇ ಅರ್ಥ. ಸಿಂಹಾಸನದ ಮೇಲೆ ಪಾದುಕೆ ಇಟ್ಟು ಹದಿನಾಲ್ಕು ವರ್ಷ ರಾಜ್ಯ ನಡೆಸಿದ ದೇಶ ನಮ್ಮದು. ಒಂದು ಟವೆಲ್ಲು ಕಚೇರಿ ನಡೆಸಿದರೆ ಬೆರಗೇನು?

ಗೊರೇಬಾಳದ ರೈತನೊಬ್ಬ ನಾಲ್ಕನೆಯ ಸಲ ಅರ್ಜಿ ಹಿಡಿದು ಬಂದ. “ಸಾಹೇಬ್ರು ಅದಾರೇನ್ರಿ?”

ಜವಾನ ಹುಸೇನಪ್ಪ ತಲೆ ಎತ್ತಲಿಲ್ಲ. “ಅದಾರ. ಟವೆಲ್ ಕಾಣವಲ್ದೇನು?”

ರೈತ ಒಳಗೆ ಇಣುಕಿ ಕೈಮುಗಿದ. “ಟವೆಲ್ ಸಾಹೇಬ್ರ, ನೀವಾದ್ರೂ ಒಂದು ಸಹಿ ಒಗೀರಿ!”

ಇದನ್ನು ಕೇಳಿದ ಮೇಲೂ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಬರೆದು ಒಂದು ವಾರಪತ್ರಿಕೆಗೆ ಕಳಿಸಿಯೇಬಿಟ್ಟೆ. ನನ್ನ ಹೆಸರನ್ನೂ ಸಾಹೇಬರ ಹೆಸರನ್ನೂ ಬದಲಿಸಿದೆ, ಊರು ಬಿಟ್ಟೆ, ನೀಲಿ ಟವೆಲ್ಲನ್ನು ಹಸಿರು ಮಾಡಿದೆ. ಆ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರಬಂಧ ಅಚ್ಚಾದ ಮರುದಿನ ಟವೆಲ್ಲು ಮಾಯ, ಸಾಹೇಬರು ಪ್ರತ್ಯಕ್ಷ. ಹತ್ತು ಗಂಟೆಗೇ ಕುರ್ಚಿಯಲ್ಲಿ ಸಾಕ್ಷಾತ್ ಕೂತವರನ್ನು ಕಂಡ ಜನ, ಯಾರೋ ತನಿಖೆಗೆ ಬಂದಿದ್ದಾರೆಂದು ಹೆದರಿ ಹೊರಗೇ ನಿಂತರು. ಗೊರೇಬಾಳದವನ ಅರ್ಜಿಗೆ ಎರಡೇ ನಿಮಿಷದಲ್ಲಿ ಸಹಿ ಬಿತ್ತು. ದೂರದ ಮಸ್ಕಿಯ ಚಹಾದಂಗಡಿಯಲ್ಲೂ, ಇದು ತಮ್ಮೂರ ಕಚೇರಿಯದೇ ಕಥೆ ಎಂದು ಜನ ಆಣೆ ಮಾಡಿ ಹೇಳುತ್ತಿದ್ದರಂತೆ. ನನಗೆ ಒಳಗೊಳಗೇ ಖುಷಿ. ಆದರೆ ಹುಸೇನಪ್ಪ ನನ್ನ ಮೇಜಿನ ಹತ್ತಿರ ಬಂದು ಮುಖ ಊದಿಸಿಕೊಂಡು ನಿಂತ.

“ಹದಿನೆಂಟು ವರ್ಸ ಆತ್ರಿ ಆ ಟವೆಲ್ ಒಗ್ಯಾಕ ಹತ್ತಿ. ನಂದೊಂದು ಹೆಸರು ಹಾಕಾಕ ನಿಮಗೇನಾಗಿತ್ತು?”

ರೈತನ ಮಾತಿಗೆ ನನ್ನ ಜೊತೆ ಸಾಕ್ಷಿಯಾಗಿದ್ದ ಇವನಿಗೆ ಗೊತ್ತಾಗಿದೆ ಎಂದರೆ ಸಾಹೇಬರಿಗೂ ಗೊತ್ತಾಗಿರಬೇಕು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಮೇಜಿನ ಮೇಲೆ ಒಂದು ಕಡೆ ಆ ಪತ್ರಿಕೆ, ಇನ್ನೊಂದು ಕಡೆ ನನ್ನನ್ನು ಖಾಯಂ ಮಾಡುವ ಫೈಲು. ಸೋದರಮಾವನ ಮಗಳಿಗೆ ಮನಸ್ಸಿನಲ್ಲೇ ಬೇರೆ ಗಂಡು ನೋಡಿಬಿಟ್ಟೆ.

“ಇದನ್ನ ಓದೀಯೇನು?” ಎಂದರು ಸಾಹೇಬರು.

“ಹ್ಞೂಂ... ರೀ.”

“ಯಾರ ಬಗ್ಗೆ ಬರ್ದಾನಂತೀ?”

ನನ್ನ ಕಣ್ಣು ಫೈಲಿನ ಮೇಲೇ ಇತ್ತು. ಸಾಹೇಬರ ಮುಖ ಮಾತ್ರ ಅರಳಿತು. “ಹಸಿರು ಟವೆಲ್ ಅಂದಾನ, ನೋಡು. ಹಸಿರು ಯಾರದೈತಿ? ಲಿಂಗಸೂಗೂರು ಸಾಹೇಬಂದು! ನಾ ಸುಮ್ಮನ ಅಂಜಿ ನಂದು ತೆಗಿಸಿದ್ದೆ. ಅವನ ಮಾನಾ ಮೂರು ಕಾಸಿಗೆ ಹರಾಜ್ ಹಾಕ್ಯಾನ. ಯಾಂವ ಬರ್ದಾನೋ, ಪುಣ್ಯಾತ್ಮ!” ಎಂದು ನಗುತ್ತಲೇ ನನ್ನ ಫೈಲಿಗೆ ಸಹಿ ಹಾಕಿದರು.

ಬದುಕಿದೆ ಅಂದುಕೊಂಡೆ. ತಿಂಗಳೊಳಗೆ ಆದೇಶ ಬಂತು. ನೌಕರಿ ಖಾಯಂ; ಜಾಗ ಮಾತ್ರ ಲಿಂಗಸೂಗೂರು.

“ದೇವ್ರು ಅದಾನ್ರೀ,” ಎಂದ ಹುಸೇನಪ್ಪ ಸಮಾಧಾನದಿಂದ.

ಮಸ್ಕಿ ದಾಟುವಾಗಲೂ ಬಸ್ಸಿನಲ್ಲಿ ಕ್ಷಮಾಪಣೆಯ ಮಾತುಗಳನ್ನೇ ಉರು ಹೊಡೆಯುತ್ತಿದ್ದೆ. ಹೋಗಿ ನೋಡಿದರೆ ಸಾಹೇಬರ ಕುರ್ಚಿ ಖಾಲಿ. ಅದರ ಮೇಲೆ ಹೊಚ್ಚಹೊಸ ಹಳದಿ ಟವೆಲ್ಲು. ನಾನೂ ಆ ರೈತನಂತೆಯೇ ಕೈಮುಗಿದು ಹಾಜರಾದೆ. ನನ್ನ ಬರಹದಿಂದ ಲೋಕದಲ್ಲಿ ಆದ ಸುಧಾರಣೆ ಅಷ್ಟೇ, ಬಣ್ಣದ್ದು.

ಮದುವೆಯಾಯಿತು, ವರ್ಷಗಳು ಕಳೆದವು, ಬೆನ್ನಿರುವ ಕುರ್ಚಿಯೊಂದು ನನಗೂ ಸಿಕ್ಕಿದೆ. ಇಷ್ಟನ್ನೂ ಮಂಗಳವಾರ ಮಧ್ಯಾಹ್ನ, ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ಗುರುಗುಂಟಾದ ಕಡೆಯವರು ಯಾರಾದರೂ ಅರ್ಜಿ ಹಿಡಿದು ಕಚೇರಿಗೆ ಬಂದು ನನ್ನನ್ನು ಕೇಳಿದರೆ, ದಯವಿಟ್ಟು ಹೇಳಿಬಿಡಿ: “ಅದಾರ. ಟವೆಲ್ ಕಾಣವಲ್ದೇನು?”