ನೀಲವ್ವನ ಹಿಂದಿನ ಮನೆ

ಹೊಸ ಅರಳೆಗೆ ಒಂದು ವಾಸನೆ ಇರುತ್ತದೆ. ಬಿಸಿಲಿಗೆ ಕಾದ ಹತ್ತಿಕಾಳಿನ ಎಣ್ಣೆಯ ವಾಸನೆ, ಅದರೊಳಗೆ ಸ್ವಲ್ಪ ಒಣ ಮಣ್ಣು, ಸ್ವಲ್ಪ ಗೋಣಿಚೀಲ. ಕಳೆದ ತಿಂಗಳು ಮಗಳಿಗೊಂದು ತಲೆದಿಂಬು ತರಲು ಗದಗಿನ ಪೇಟೆಗೆ ಹೋಗಿದ್ದೆ. ಅಂಗಡಿಯಲ್ಲಿ ಇದ್ದವೆಲ್ಲ ಸ್ಪಂಜಿನವು. ಮೂಲೆಯಲ್ಲಿ ಒಂದು ಚೀಲ ಮಾತ್ರ ಬಾಯಿ ಬಿಚ್ಚಿಕೊಂಡು ಕೂತಿತ್ತು. ಸುಮ್ಮನೆ ಕೈ ಹಾಕಿದೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಎದೆ ಜೋರಾಗಿ ಹೊಡೆದುಕೊಳ್ಳತೊಡಗಿತು. ಸುಖದ ನೆನಪಿಗೆ ಎದೆ ಹಾಗೆ ಹೊಡೆದುಕೊಳ್ಳುವುದಿಲ್ಲ. ಅಂಗಡಿಯವರು ಎಷ್ಟು ಬೇಕೆಂದು ಕೇಳುತ್ತಿದ್ದರು. ನನ್ನ ಕಿವಿ ಹೊರಗೆ ಬಂದು ನಿಂತ ಯಾರದೋ ಮೋಟರ್ ಸೈಕಲ್ಲಿನ ಕಡೆಗಿತ್ತು. ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಪ್ಪ ಹುಸೇನಸಾಬ ಹತ್ತಿ ಹಿಂಜಿ ಗಾದಿ ಮಾಡುವವನು. ಗದಗ ಊರು ಮುಗಿದು ಎರೆಹೊಲ ಶುರುವಾಗುವ ಕಡೆ, ನೀಲವ್ವನೆಂಬ ಹೆಂಗಸಿನ ಮಣ್ಣಿನ ಮಾಳಿಗೆ ಮನೆಯ ಹಿಂಭಾಗದಲ್ಲಿ ನಾವಿದ್ದೆವು. ಮುಂದಿನ ಪಡಸಾಲೆಯಲ್ಲಿ ಅವಳು, ಹಿಂದೆ ಒಂದು ಅರ್ಧದಲ್ಲಿ ನಾವು, ಇನ್ನೊಂದು ಅರ್ಧದಲ್ಲಿ ಒಂದು ನೇಕಾರರ ಸಂಸಾರ. ನಮ್ಮ ಪಾಲಿಗೆ ಬಂದ ಕೋಣೆಯ ತೊಲೆ ಬಹಳ ಎತ್ತರದಲ್ಲಿತ್ತು. ಆ ತೊಲೆಗೆ ಹಗ್ಗ ಕಟ್ಟಿ ಅಪ್ಪ ತನ್ನ ಉದ್ದನೆಯ ಬಿಲ್ಲನ್ನು ತೂಗುಬಿಡುತ್ತಿದ್ದ. ಬಿಲ್ಲಿನ ನಾರಿಗೆ ಮರದ ಕೊಡತಿಯಿಂದ ಹೊಡೆದರೆ ಗಂಟುಗಟ್ಟಿದ ಹತ್ತಿ ಹೊಗೆಯಾಗಿ ಏಳುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ಎಳೆಗಳು ತೇಲುತ್ತಿದ್ದವು. ನನ್ನ ಕೂದಲು, ತಮ್ಮ ದಾವಲನ ರೆಪ್ಪೆ, ಅವ್ವ ಮುಚ್ಚಿಟ್ಟ ಸಾರು, ಎಲ್ಲದರ ಮೇಲೂ ಅದು ಕೂರುತ್ತಿತ್ತು. ಅಂಥ ಎತ್ತರದ ತೊಲೆ ಇಲ್ಲದ ಮನೆಯಲ್ಲಿ ಅಪ್ಪನ ಕೆಲಸ ನಡೆಯುವಂತಿರಲಿಲ್ಲ. ಹಾಗಾಗಿ ನಮಗೆ ಮನೆ ಮತ್ತು ಅನ್ನ ಬೇರೆಬೇರೆ ಸಂಗತಿಗಳಾಗಿರಲಿಲ್ಲ.

ನೀಲವ್ವನನ್ನು ನಾವು ಮಕ್ಕಳು ಆಯಿ ಅನ್ನುತ್ತಿದ್ದೆವು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದವಳಿಗೆ ಅವಳ ಅಣ್ಣ ಈ ಮನೆಯಲ್ಲಿ ಇರಲು ಜಾಗ ಕೊಟ್ಟಿದ್ದನಂತೆ. ಅಣ್ಣ ತೀರಿಕೊಂಡ ಮೇಲೆ ಮನೆ ಅವನ ಮಗ ಈರಣ್ಣನದಾಗಿತ್ತು. ಅವನು ಮುಂಡರಗಿಯಲ್ಲಿ ಇರುತ್ತಿದ್ದ. ಇದೆಲ್ಲ ನಮಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಪಾಲಿಗೆ ಆಯಿಯೇ ಮಾಲಕಿ. ಹಣೆತುಂಬ ವಿಭೂತಿ, ಸೊಂಟದಲ್ಲಿ ಬೀಗದಕೈ ಗೊಂಚಲು, ಬಾಯಿ ಸ್ವಲ್ಪ ಒರಟು. ಅವ್ವ ಅವಳಿಗೆ ನೀರು ಕಾಸಿಕೊಡುತ್ತಿದ್ದಳು, ಕಟ್ಟಿಗೆ ಒಡೆದುಕೊಡುತ್ತಿದ್ದಳು, ಜೋಳ ಹಸನು ಮಾಡಿಕೊಡುತ್ತಿದ್ದಳು. ನಮ್ಮ ಒಲೆಯ ಮೇಲೆ ಬೆಂದದ್ದನ್ನು ಮಾತ್ರ ಆಯಿ ಮುಟ್ಟುತ್ತಿರಲಿಲ್ಲ. ಅದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಅದು ಹಾಗೆಯೇ ಇತ್ತು.

ಗದಗ ಬೇರೆ ಜಿಲ್ಲೆಯಾದಾಗ ಶಾಲೆಯಲ್ಲಿ ನಮಗೆ ಪೇಢೆ ಹಂಚಿದರು. ಅಪ್ಪನಿಗಂತೂ ಹಿಗ್ಗು. “ಸಾಹೇಬ್ರು ಬರ್ತಾರ, ಗುಮಾಸ್ತರು ಬರ್ತಾರ, ಎಲ್ಲಾರಿಗೂ ಗಾದಿ ಬೇಕಾಗ್ತಾವ,” ಎಂದು ಅವ್ವನ ಮುಂದೆ ಹೇಳಿದ. ಅವರು ಬಂದರು. ಅವರ ಹಿಂದೆ ಬ್ಯಾಂಕಿನವರು, ವಕೀಲರು, ಏಜಂಟರು, ಜೆರಾಕ್ಸ್ ಅಂಗಡಿಯವರು ಬಂದರು. ನಮ್ಮ ಮುಂದಿನ ಹೊಲಗಳಲ್ಲಿ ಶೇಂಗಾ ಬಿತ್ತುವ ಬದಲು ಸೈಟಿನ ಕಲ್ಲು ನೆಟ್ಟರು. ಹೊಸ ಕಚೇರಿಗಳೆಲ್ಲ ಇದೇ ಕಡೆ ಬರುತ್ತವೆಂದು ಸುದ್ದಿ ಹಬ್ಬಿತು. ಗಾದಿ ಬೇಕಾದವರು ಹುಬ್ಬಳ್ಳಿಯಿಂದ ತಯಾರಾದದ್ದನ್ನೇ ತರಿಸಿಕೊಂಡರು. ಮನೆ ಬೇಕಾದವರು ಮಾತ್ರ ನಮ್ಮ ಓಣಿಗೆ ಬಂದು ಮಾಳಿಗೆಗಳನ್ನು ತಲೆಯೆತ್ತಿ ನೋಡತೊಡಗಿದರು.

ಒಂದು ದಿನ ಮಧ್ಯಾಹ್ನ ಈರಣ್ಣ ಮೋಟರ್ ಸೈಕಲ್ ಮೇಲೆ ಬಂದ. ಅವನು ಕೂಗಾಡುವ ಮನುಷ್ಯನಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದ, ಅವ್ವ ಕೊಟ್ಟ ಚಹಾ ಕುಡಿದ, ನನ್ನನ್ನು ಎಷ್ಟನೇ ಇಯತ್ತೆ ಎಂದು ಕೇಳಿದ. ಹೋಗುವಾಗ ಅಪ್ಪನಿಗೆ ಹೇಳಿದ: “ಅವಸರ ಏನೂ ಇಲ್ಲ ಕಾಕಾರ. ಆದ್ರ ಎಲ್ಲೆರ ನೋಡ್ಕೋತ ಇರ್ರಿ. ಇಲ್ಲೆ ಒಂದು ಕಾಂಪ್ಲೆಕ್ಸ್ ಎಬ್ಬಸಬೇಕಂತ ಮಾಡೀನಿ.”

“ಅಕ್ಕಾರು ತಾವು ಇರೂತನಕ ಇರ್ರಿ ಅಂದಾರಲ್ರಿ,” ಎಂದ ಅಪ್ಪ.

“ನಮ್ಮ ಅತ್ತೀಗೆ ವಯಸ್ಸಾಗೇತ್ರಿ,” ಎಂದ ಈರಣ್ಣ. ಅಷ್ಟೇ ಅಂದದ್ದು.

ಆ ದಿನದಿಂದ ನಮ್ಮ ಮನೆ ಒಬ್ಬ ಮುದುಕಿಯ ಉಸಿರಿನ ಮೇಲೆ ನಿಂತಿತು. ಬೆಳಗಾದರೆ ನಾನು ಮೊದಲು ಕೇಳಿಸಿಕೊಳ್ಳುತ್ತಿದ್ದುದು ಆಯಿಯ ಬಾಗಿಲ ಅಗಳಿಯ ಸದ್ದನ್ನು. ಅದು ಸ್ವಲ್ಪ ತಡವಾದರೆ ರೊಟ್ಟಿ ಬಡಿಯುವ ಅವ್ವನ ಕೈ ನಿಲ್ಲುತ್ತಿತ್ತು. ಆಯಿ ಕೆಮ್ಮಿದರೆ ಅಪ್ಪ ಕೊಡತಿ ಕೆಳಗಿಡುತ್ತಿದ್ದ. ನಾವು ಜೋರಾಗಿ ನಗುವುದನ್ನು ಅವ್ವ ನಿಲ್ಲಿಸಿದಳು, ಓಡುವುದನ್ನು ನಿಲ್ಲಿಸಿದಳು, ಮಾಳಿಗೆ ಹತ್ತುವುದನ್ನು ನಿಲ್ಲಿಸಿದಳು. ಯಾರಿಗೂ ನಮ್ಮ ಮೇಲೆ ಒಂದು ನೆಪ ಸಿಗಬಾರದು. ಓಣಿಯ ತುದಿಯಲ್ಲಿ ಮೋಟರ್ ಸೈಕಲ್ಲಿನ ಸದ್ದು ಕೇಳಿದರೆ ದಾವಲ ಗಾದಿಗಳ ಹಿಂದೆ ಹೋಗಿ ಕೂರುತ್ತಿದ್ದ. ಅವನಿಗಾಗ ಮಾತೇ ಸರಿಯಾಗಿ ಬರುತ್ತಿರಲಿಲ್ಲ, ಅಂಜಿಕೆ ಬರುತ್ತಿತ್ತು.

ಸ್ವಲ್ಪ ದಿನಗಳ ಮೇಲೆ ಈರಣ್ಣನ ಜೊತೆ ಟೇಪು ಹಿಡಿದ ಇಬ್ಬರು ಬಂದರು. ಟೇಪನ್ನು ಅಂಗಳದಿಂದ ಎಳೆದು ನಮ್ಮ ಹೊಸ್ತಿಲು ದಾಟಿಸಿ, ಅಡುಗೆಮನೆಯೊಳಗೆ ತಂದರು. ಅವ್ವ ಹಿಟ್ಟಿನ ಕೈಯಲ್ಲೇ ಗೋಡೆಗೆ ಒತ್ತಿ ನಿಂತಳು. ಆಮೇಲೆ ಸುಣ್ಣದ ಪುಡಿ ಚೆಲ್ಲಿ ಗೆರೆ ಹಾಕಿದರು. ಒಂದು ಗೆರೆ ನಮ್ಮ ಒಲೆಯ ಪಕ್ಕದಲ್ಲೇ ಹಾದುಹೋಯಿತು. ಅವರು ಹೋದಮೇಲೆ ದಾವಲ ಆಟವೆಂದುಕೊಂಡು ಅದನ್ನು ಕಾಲಿನಿಂದ ಅಳಿಸಿದ. ಮಕ್ಕಳ ಮೇಲೆ ಎಂದೂ ಕೈಯೆತ್ತದ ಅವ್ವ ಅವನ ಬೆನ್ನಿಗೆ ಹೊಡೆದಳು. ಹೊಡೆದು, ಅವನಿಗಿಂತ ಮೊದಲು ತಾನೇ ಅತ್ತಳು. ಅಳಿಸಿದ್ದು ಗೊತ್ತಾಗಬಾರದೆಂದು ಅಕ್ಕಿಹಿಟ್ಟು ತಂದು ಗೆರೆಯನ್ನು ತಾನೇ ಮತ್ತೆ ಎಳೆದಳು. ನಮ್ಮನ್ನು ಎಬ್ಬಿಸುವ ಗೆರೆಯನ್ನು ಬಗ್ಗಿ ಕೂತು ನೇರ ಮಾಡುತ್ತಿದ್ದ ಅವ್ವನ ಬೆನ್ನು ನನಗಿನ್ನೂ ಕಾಣುತ್ತದೆ.

ಮನೆ ಹುಡುಕಲು ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಮಗಳು ಕೂಡ ಇದ್ದರೆ ಒಳಗೆ ಕರೆಯುತ್ತಾರೆ ಎಂದು ಅವಳ ಲೆಕ್ಕ. ಬೆಟಗೇರಿಯ ಓಣಿಗಳನ್ನು, ಮುಳಗುಂದ ನಾಕಾದ ಆಚೆಯ ಹೊಸ ಕಾಲನಿಗಳನ್ನು ಸುತ್ತಿದೆವು. “ಆಫೀಸಿನವ್ರು ಕೇಳ್ಯಾರವಾ, ಅವ್ರು ಕೊಡೂ ಬಾಡಗಿ ನಿಮಗ ಕೊಡಾಕ ಆಗೂದಿಲ್ಲ,” ಎಂದು ಕೆಲವರು. “ಹತ್ತಿ ಹಿಂಜಾವ್ರಾ? ಬ್ಯಾಡವಾ, ಮನಿತುಂಬ ಹಾರತೈತಿ,” ಎಂದು ಕೆಲವರು. ಹೆಸರು ಕೇಳಿದ ಮೇಲೆ ಏನೂ ಅನ್ನದೆ ಒಳಗೆ ಹೋದವರು ಉಳಿದವರು.

ಒಂದು ಮನೆಯಲ್ಲಿ ಮಾತ್ರ ಒಬ್ಬ ಹೆಂಗಸು ನಗುತ್ತ ಬಾಗಿಲು ತೆಗೆದಳು. ಹಳೆಯ ಮನೆ, ತೊಲೆ ನಮ್ಮದರಷ್ಟೇ ಎತ್ತರ. ಹೆಸರೇನೆಂದು ಕೇಳಿದಾಗ ಅವ್ವ, ಫಾತಿಮಾ ಎಂಬ ನನ್ನ ಅವ್ವ, “ಪಾರವ್ವ ಅಂತಾರ್ರಿ,” ಎಂದಳು. ನಾನು ಅವಳ ಸೆರಗನ್ನು ಹಿಡಿದುಕೊಂಡೆ. ಆ ಹೆಂಗಸು ಎರಡು ಕೋಣೆ ತೋರಿಸಿದಳು, ನೀರಿನ ತೊಟ್ಟಿ ತೋರಿಸಿದಳು, ಬಾಡಿಗೆಯೂ ನಮಗೆ ಎಟುಕುವಷ್ಟೇ ಹೇಳಿದಳು. ಅವ್ವನ ಮುಖ ಎಷ್ಟೋ ದಿನಗಳ ಮೇಲೆ ಬಿಚ್ಚಿತ್ತು. ಹೊರಡುವಾಗ ಆ ಹೆಂಗಸು, “ನಿಲ್ರಿ, ಹಂಗ ಹೋಗಬಾರದು,” ಎಂದು ಒಳಗಿನಿಂದ ಕುಂಕುಮದ ಬಟ್ಟಲು ತಂದಳು. ಬೆರಳಿಗೆ ಕುಂಕುಮ ತೆಗೆದು ಅವ್ವನ ಹಣೆಯ ಹತ್ತಿರ ಕೈ ತಂದಳು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. “ನಾವು ಮುಸಲರ್ರಿ ಅಕ್ಕಾರ. ನಾ ಫಾತಿಮಾ,” ಎಂದಳು. ಬೆರಳು ಗಾಳಿಯಲ್ಲೇ ನಿಂತಿತು. ಆ ಹೆಂಗಸು ಬಯ್ಯಲಿಲ್ಲ. “ಮೊದಲ ಹೇಳಬೇಕಿತ್ತಲ್ಲವಾ,” ಎಂದಳು ಮೆಲ್ಲಗೆ. ಕೆಂಪಾದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ನೋಡುತ್ತ ನಿಂತಳು. ದಾರಿಯಲ್ಲಿ ಅವ್ವ, “ಅಪ್ಪನ ಮುಂದ ಹೇಳಬ್ಯಾಡ ಜೈನೂ,” ಎಂದಳು.

ಆ ಹೊತ್ತಿಗೆ ನೇಕಾರರ ಸಂಸಾರ ಅಂಜಿ ಊರುಬಿಟ್ಟಿತ್ತು. ಮಳೆಗಾಲದ ಮುಂಚೆ ಈರಣ್ಣ ಅವರ ಅರ್ಧವನ್ನು ಕೆಡವಿಸಿದ. ನಮಗೂ ಅವರಿಗೂ ನಡುವೆ ಇದ್ದ ಗೋಡೆ ಈಗ ಹೊರಗಿನ ಗೋಡೆಯಾಯಿತು. ಅವರ ದೀಪದ ಗೂಡು, ಮಸಿ ಹಿಡಿದ ಒಲೆಯ ಮೂಲೆ, ಮಕ್ಕಳು ಇದ್ದಿಲಿನಿಂದ ಬರೆದ ಕೋಳಿಗಳು, ಎಲ್ಲ ಬಯಲಿಗೆ ಬಿದ್ದವು. ಗೋಡೆಗೆ ಆಸರೆ ಹೋದಮೇಲೆ ನಮ್ಮ ಮಾಳಿಗೆಯಿಂದ ಮಣ್ಣು ಉದುರತೊಡಗಿತು. ಊಟದ ತಾಟಿನಲ್ಲಿ ಬೀಳುತ್ತಿತ್ತು, ಹಿಂಜಿದ ಹತ್ತಿಯ ಮೇಲೆ ಬೀಳುತ್ತಿತ್ತು. ಅಪ್ಪ ಬಿಲ್ಲು ಮೀಟಿದರೆ ತೊಲೆಯೊಳಗೆ ಏನೋ ಕಿರುಗುಟ್ಟುತ್ತಿತ್ತು. ಹೀಗಾಗಿ ಅವನು ಮೆಲ್ಲಗೆ ಹೊಡೆಯಲು ಶುರುಮಾಡಿದ. ಮೆಲ್ಲಗೆ ಹೊಡೆದರೆ ಹತ್ತಿ ಅರಳುವುದಿಲ್ಲ. ಮುಂಗಾರಿನ ದೊಡ್ಡ ಮಳೆ ಬಂದ ಮಧ್ಯಾಹ್ನ ಆ ಗೋಡೆಯ ಮೇಲ್ಭಾಗ ಕಳಚಿ ದಾವಲ ದಿನಾ ಮಲಗುತ್ತಿದ್ದ ಜಾಗದಲ್ಲಿ ಬಿತ್ತು. ಅವನು ಆಗ ಆಯಿಯ ತೊಡೆಯ ಮೇಲೆ ಕೂತು ಬೆಲ್ಲ ತಿನ್ನುತ್ತಿದ್ದ. ಅಪ್ಪ ಬಿದ್ದ ಮಣ್ಣಿನ ಗುಡ್ಡೆಯನ್ನು ನೋಡಿದ, ಮಗನನ್ನು ನೋಡಿದ. “ಸಾಕು. ಹೋಗೂಣು,” ಎಂದ.

ಗದಗಿನ ಹತ್ತಿರದ ಹೊಂಬಳದಲ್ಲಿ ಅಪ್ಪನ ಪರಿಚಯದ ರೈತರೊಬ್ಬರು ತಗಡಿನ ಒಂದು ಕೋಣೆ ಕೊಡಲು ಒಪ್ಪಿದರು. ಸಾಮಾನು ಕಟ್ಟುವ ದಿನ ಆಯಿ ಕೋಲೂರಿಕೊಂಡು ಹಿಂದೆ ಬಂದಳು. ಒಲೆಯ ಮುಂದೆ ಕೂತು, “ಒಂದು ರೊಟ್ಟಿ ಕೊಡು ಫಾತಿಮಾ,” ಎಂದಳು. ಅವ್ವನಿಗೆ ಅರ್ಥವಾಗಲಿಲ್ಲ; ಹಸಿಹಿಟ್ಟು ಬೇಕೇನೋ ಎಂದು ಪಾತ್ರೆ ಎತ್ತಿದಳು. ಆಯಿ ತವೆಯ ಮೇಲಿದ್ದ ಬಿಸಿರೊಟ್ಟಿಗೆ ತಾನೇ ಕೈ ಹಾಕಿ ಮುರಿದು ತಿಂದಳು. ತಿನ್ನುತ್ತ ಹೇಳಿದಳು: “ನನ್ನೂ ಕರ್ಕೊಂಡು ಹೋಗ್ರಿ. ಒಂದು ಮೂಲ್ಯಾಗ ಬಿದ್ದಿರತೀನಿ. ನಿಮ್ಮ ಒಲಿ ಮ್ಯಾಲಿಂದು ತಿಂತೀನಿ.”

ಅವ್ವ ಅಪ್ಪನ ಮುಖ ನೋಡಿದಳು.

“ನೀವಿದ್ರಂತ ಈರಣ್ಣ ಇಷ್ಟ ದಿನಾ ನನ್ನ ಮುಟ್ಟಲಿಲ್ಲ,” ಎಂದಳು ಆಯಿ. “ಬಾಡಗಿ ಮಂದಿ ಇದ್ದ ಮನಿ ಕೆಡವಾಕ ಅಂಜತಿದ್ದ. ನೀವು ಹೋದ್ರಿ ಅಂದ್ರ ನಾ ಹ್ವಾದಂಗ.”

ನಾವು ಅವಳ ಉಸಿರನ್ನು ಎಣಿಸುತ್ತಿದ್ದಷ್ಟು ದಿನವೂ ಅವಳು ಮುಂದಿನ ಪಡಸಾಲೆಯಲ್ಲಿ ಕೂತು ನಮ್ಮ ಸದ್ದಿಗೆ ಕಿವಿಗೊಟ್ಟಿದ್ದಳು. ಅಪ್ಪ ಅವಳ ಎದುರು ಮಂಡಿಯೂರಿ ಕೂತ. “ಅಕ್ಕಾರ, ನಿಮ್ಮನ್ನ ಕರ್ಕೊಂಡು ಹೋದ್ರ, ಆಸ್ತಿ ಆಸೇಕ್ಕ ಸಾಬ್ರು ಮುದುಕೀನ ಎತಗೊಂಡು ಹೋದ್ರು ಅಂತಾರ. ನನಗ ಸಣ್ಣ ಮಕ್ಳದಾವ್ರಿ. ನನಗ ಅಂಜಿಕಿ ಬರತೈತಿ.” “ಖರೆ ಐತಿ ಬಿಡು,” ಎಂದು ಆಯಿ ರೊಟ್ಟಿಯ ಉಳಿದ ತುಂಡನ್ನು ಸೆರಗಿಗೆ ಕಟ್ಟಿಕೊಂಡಳು.

ಹೊಂಬಳದ ತಗಡು ನಿಂತರೆ ಕೈಗೆ ಎಟುಕುತ್ತಿತ್ತು. ಬಿಲ್ಲನ್ನು ಹೊರಗೆ ಬೇವಿನ ಟೊಂಗೆಗೆ ಕಟ್ಟಿ ನೋಡಿದ ಅಪ್ಪ. ಗಾಳಿ ಹತ್ತಿಯನ್ನೆಲ್ಲ ಹೊಲಕ್ಕೆ ಒಯ್ದಿತು. ಮರುವರ್ಷ ಅವನು ಗದಗಿನಲ್ಲಿ ಹತ್ತಿ ಹಿಂಜುವ ಮಷೀನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರತೊಡಗಿದ. ತಾನು ಬಾಳಿದ ಓಣಿಯಲ್ಲಿ ಕಾಂಪ್ಲೆಕ್ಸ್ ಎದ್ದದ್ದನ್ನು ಅವನೇ ಬಂದು ಹೇಳಿದ. ಕೆಳಗೆ ಅಂಗಡಿಗಳು, ಮೇಲೆ ಯಾವುದೋ ಕಚೇರಿ. ನಮ್ಮ ಅಡುಗೆಮನೆ ಎಲ್ಲಿತ್ತೆಂದು ಗುರುತು ಹಿಡಿಯಲು ಆಗಲಿಲ್ಲವೆಂದ.

ಅವ್ವ ಒಮ್ಮೆ ನನ್ನನ್ನು ಕರೆದುಕೊಂಡು ಮುಂಡರಗಿಗೆ ಹೋದಳು. ಈರಣ್ಣನ ಮನೆಯ ಹಿಂದೆ, ಪಂಪಿನ ಸಾಮಾನು ಇಡುವ ಕೋಣೆಯ ಒಂದು ಬದಿಯಲ್ಲಿ ಆಯಿ ಇದ್ದಳು. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದರು, ಬಟ್ಟೆ ಶುಭ್ರವಾಗಿತ್ತು. ಆದರೆ ಸೊಂಟದಲ್ಲಿ ಬೀಗದಕೈ ಇರಲಿಲ್ಲ, ದನಿ ಇಳಿದುಹೋಗಿತ್ತು. ಒಳಮನೆಯಲ್ಲಿ ಪಾತ್ರೆ ಸದ್ದಾದರೆ ಮಾತು ನಿಲ್ಲಿಸಿ ಆ ಕಡೆ ನೋಡುತ್ತಿದ್ದಳು. ಅದು ನಮ್ಮ ನೋಟ. ಅದನ್ನು ಅವಳ ಕಣ್ಣಿನಲ್ಲಿ ನೋಡಲು ನನಗೆ ಭಯವಾಯಿತು.

ಹೊರಡುವಾಗ ಆಯಿ ಹೊಸ್ತಿಲ ತನಕ ಬಂದಳು, ದಾಟಲಿಲ್ಲ. ಅವ್ವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: “ಹೊಂಬಳದಾಗ ಮನಿ ಮಾಲಕ್ರು ಹೆಂಗದಾರ?”

“ಚೊಲೋ ಅದಾರ್ರಿ ಅಕ್ಕಾರ.”

“ಏನರ ಅಂದ್ರ ಎದುರು ಮಾತಾಡಬ್ಯಾಡವಾ,” ಎಂದಳು ಪಿಸುದನಿಯಲ್ಲಿ. “ಸುಮ್ಮನ ಇದ್ದುಬಿಡ್ರಿ. ಇರಗೊಡತಾರ.”

ಆಯಿ ತೀರಿಹೋದ ಸುದ್ದಿಯನ್ನು ಯಾರೂ ನಮಗೆ ಹೇಳಿಕಳಿಸಲಿಲ್ಲ. ಮುಂಡರಗಿ ಹತ್ತಿರದ ಹಿರೇವಡ್ಡಟ್ಟಿಯ ಕಡೆಯ ಒಬ್ಬರು ಬಸ್ಸಿನಲ್ಲಿ ಮಾತಿಗೆ ಮಾತು ಬಂದು ಹೇಳಿದಾಗ, ಎಲ್ಲ ಮುಗಿದು ಬಹಳ ದಿನಗಳಾಗಿದ್ದವು. ಅವ್ವ ಆ ದಿನ ಒಲೆ ಹೊತ್ತಿಸಲಿಲ್ಲ. ಹೊಂಬಳದ ಮೇಲೆ ಮತ್ತೆ ಎಷ್ಟೋ ಮನೆ ಬದಲಿಸಿದೆವು. ಊರು ಬೆಳೆದಂತೆ ನಾವು ಅಂಚಿಗೆ ಸರಿಯುತ್ತ ಹೋದೆವು. ಯಾವ ಮನೆಯಲ್ಲೂ, ಯಾವ ಮಾಲೀಕರಿಗೂ, ತಾನು ಕಣ್ಣು ಮುಚ್ಚುವ ತನಕ, ನನ್ನ ಅವ್ವ ಒಂದೇ ಒಂದು ಎದುರು ಮಾತು ಆಡಲಿಲ್ಲ.