ಮೂರು ತಿಂಗಳ ಗುಳಿಗೆ

ನನ್ನ ಕೆಲಸ ಏನೆಂದು ನೆಂಟರಿಷ್ಟರಿಗೆ ವಿವರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಿಪಿ, ಸಕ್ಕರೆ ಕಾಯಿಲೆ ಇರುವವರನ್ನು ಮೊದಲೇ ಪತ್ತೆ ಹಚ್ಚಿ, ಗುಳಿಗೆ ಕೊಟ್ಟು, ಮುಂದಿನ ಅನಾಹುತ ತಪ್ಪಿಸಲೆಂದು ಬರುವ ಸರ್ಕಾರದ ಹಣವನ್ನು ಕೊಳ್ಳೇಗಾಲ, ಹನೂರು, ಯಳಂದೂರಿಗೆ ಹಂಚುವವನು ನಾನು. ನಾನು ಡಾಕ್ಟರಲ್ಲ. ಹಳ್ಳಿಯವರು ಡಾಕ್ಟ್ರು ಅನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಕೇಳಲು ಹಿತವಾಗಿ, ಸುಮ್ಮನಾದೆ.

ನನಗೆ ಕೋಪ ಮೂಗಿನ ತುದಿಯಲ್ಲೇ. ಅದರಲ್ಲೂ ಬಾಡಿಗೆ ಜೀಪಿನ ಅನುದಾನದ ಮಾತು ಬಂದರೆ ಮುಗಿಯಿತು. ಹಣ ಬರುವುದೇ ತಡ, ಬಂದರೆ ಅರೆಬರೆ, ಮಾರ್ಚ್ ಒಳಗೆ ಮುಗಿಸದಿದ್ದರೆ ವಾಪಸ್. ಇಷ್ಟರಲ್ಲಿ ತಿಂಗಳಿಗೊಮ್ಮೆ ಹನೂರು ತಾಲೂಕಿನ ತುದಿಯ ಗೋಪಿನಾಥಂಗೆ ಜೀಪು ಕಳಿಸಬೇಕು. ಬೆಟ್ಟ ಹತ್ತಿ, ಕಾಡು ದಾಟಿ ಅಲ್ಲಿಗೆ ಹೋಗಿ ಬರುವುದರಲ್ಲಿ ದಿನವೇ ಹೋಗುತ್ತದೆ. ಅಷ್ಟು ಡೀಸೆಲ್ ಸುಟ್ಟರೂ ಗುಳಿಗೆ ತೆಗೆದುಕೊಳ್ಳಲು ಬರುವವರು ಒಂದು ಹಿಡಿ ಜನ. ಅದೇ ಜೀಪನ್ನು ಯಳಂದೂರಿನ ಕಡೆ ತಿರುಗಿಸಿದರೆ ಒಂದೇ ಬೆಳಿಗ್ಗೆ ಸಾಲುಗಟ್ಟಿ ನಿಂತ ಜನರ ಬಿಪಿ ನೋಡಿ ಮುಗಿಸಬಹುದು. ಮೇಲಿನವರು ಕೇಳುವುದು ಎಷ್ಟು ಜನರನ್ನು ಪರೀಕ್ಷಿಸಿದಿರಿ ಅಂತ. ಎಷ್ಟು ದೂರ ಹೋದಿರಿ ಅಂತ ಯಾವ ಪುಣ್ಯಾತ್ಮನೂ ಕೇಳಿದ್ದಿಲ್ಲ.

ಹೋದ ವರ್ಷ ನನಗೊಂದು ಉಪಾಯ ಹೊಳೆಯಿತು. ಗೋಪಿನಾಥಂನವರಿಗೆ ಮೂರು ತಿಂಗಳ ಗುಳಿಗೆ ಒಂದೇ ಸಲ ಕೊಟ್ಟುಬಿಡುವುದು. ಜೀಪು ಎರಡು ತಿಂಗಳು ಬಿಡುವಾಗುತ್ತದೆ, ಯಳಂದೂರಿಗೆ ಹೋಗುತ್ತದೆ. ಡಾಕ್ಟರೂ ಒಪ್ಪಿದರು. ಗುಳಿಗೆಯ ಅವಧಿ ನೋಡಿದೆ, ನೆನೆಯದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿದೆ, ಹಂಚುವ ದಿನ ನಾನೇ ಜೀಪು ಹತ್ತಿದೆ. ಅಂಗನವಾಡಿಯ ಮುಂದೆ ಕೂತವರಿಗೆ ದೊಡ್ಡ ದನಿಯಲ್ಲಿ ಹೇಳಿದೆ: “ಇನ್ನು ಮೂರು ತಿಂಗ್ಳು ನನ್ನ ಮುಖ ನೋಡ್ಬೇಡಿ. ನಡುವೆ ಗುಳಿಗೆ ಕಳೆದೋಯ್ತು, ಇಲಿ ತಿಂತು ಅಂತ ಯಾರಾದ್ರೂ ಹನೂರಿಗೆ ಬಂದ್ರೋ, ನೋಡಿ ಮತ್ತೆ!”

ಎಲ್ಲರೂ ನಕ್ಕರು. ಮುಂದೆ ಕೂತಿದ್ದ ಹೆಂಗಸೊಬ್ಬಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಗಂಡ ಹೊಳೆಯಲ್ಲಿ ಬಲೆ ಬಿಡುತ್ತಿದ್ದ. ಇವಳು ಮೀನು ಮಾರುತ್ತಿದ್ದಳು. ಬಿಪಿ ಸಿಕ್ಕಾಪಟ್ಟೆ ಇದ್ದವಳು, ಗುಳಿಗೆ ತಪ್ಪಿಸದೆ ನುಂಗಿ ಹತೋಟಿಗೆ ತಂದುಕೊಂಡಿದ್ದಳು. ಚೀಲ ಎತ್ತಿ ತೂಗಿ ನೋಡಿ, “ಅಲ್ಲ ಸಾ, ಇದೇನ್ ರೇಸನ್ ಕೊಟ್ಟಂಗೆ ಕೊಟ್ಬುಟ್ರಲ್ಲ!” ಅಂದಳು. ಅವಳ ಪಕ್ಕದ ಮನೆಯ ಇಬ್ಬರಿಗೆ ಅಂದೇ ಮೊದಲ ಸಲ ಬಿಪಿ ಹೆಚ್ಚು ಬಂದಿತ್ತು. ಇನ್ನೊಂದು ಸಲ ನೋಡದೆ ಗುಳಿಗೆ ಕೊಡುವಂತಿಲ್ಲ. ಮುಂದಿನ ತಿಂಗಳು ಬಂದು ನೋಡುತ್ತೇವೆ ಎಂದು ನಮ್ಮ ನರ್ಸ್ ಅವರಿಗೆ ಹೇಳಿದರು, ಅಭ್ಯಾಸಬಲದಿಂದ. ಮುಂದಿನ ತಿಂಗಳು ಜೀಪು ಬರುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದೆ. ತಿದ್ದಲಿಲ್ಲ. ಇಬ್ಬರಿಗೋಸ್ಕರ ಎಲ್ಲಿ ಜೀಪು ಕಳಿಸುವುದು ಅಂದುಕೊಂಡೆ, ಹಸಿವೂ ಆಗಿತ್ತು.

ಯಳಂದೂರಿನಲ್ಲಿ ಪರೀಕ್ಷೆ ಮಾಡಿಸಿಕೊಂಡವರ ಸಂಖ್ಯೆ ಏರಿತು. ಜಿಲ್ಲಾ ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಎಲ್ಲರೆದುರು, “ಇದ್ದ ದುಡ್ಡಲ್ಲೇ ಮಾಡಿದಾರೆ ನೋಡ್ರೀ, ಕಲೀರಿ” ಅಂದರು. ನಾನು ಬೀಗಿದೆ. ಬರುವಾಗ ಮನೆಗೆ ಮೈಸೂರು ಪಾಕು ಕಟ್ಟಿಸಿಕೊಂಡೆ.

ಮೂರು ತಿಂಗಳು ಕಳೆದು ಗೋಪಿನಾಥಂಗೆ ಹೋದಾಗ ಆ ಮೀನು ಮಾರುವವಳು ಬಂದಿರಲಿಲ್ಲ. ಊರಿನ ಆಶಾ ಕಾರ್ಯಕರ್ತೆ, “ಆಯಮ್ಮಂಗೆ ಲಕ್ವ ಒಡೀತಲ್ಲ ಸಾ. ಆಸ್ಪತ್ರೆಲಿ ಇದ್ದು ಓದ್ ವಾರ ಬಂದ್ರು” ಅಂದರು. ಕೇಳಿದೊಡನೆ ನನಗೆ ಬಂದದ್ದು ಕೋಪ, ಅದನ್ನೂ ಹೇಳಿಬಿಡುತ್ತೇನೆ. ಗುಳಿಗೆ ಸರಿಯಾಗಿ ನುಂಗಿಲ್ಲ ಇವಳು, ಅನುಕೂಲ ಮಾಡಿಕೊಟ್ಟರೂ ಉಳಿಸಿಕೊಳ್ಳುವ ಯೋಗ್ಯತೆ ಇಲ್ಲ ಈ ಜನಕ್ಕೆ ಎಂದು ಒಳಗೊಳಗೇ ಬೈಯುತ್ತಲೇ ಅವಳ ಮನೆಗೆ ನಡೆದೆ.

ಜಗಲಿಯಲ್ಲಿ ಮಂಚ ಹಾಕಿದ್ದರು. ಅದರ ಮೇಲೆ ಕೂತಿದ್ದ ಅವಳ ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ ಮಡಿಲಲ್ಲಿ ಬಿದ್ದಿತ್ತು. ನನ್ನನ್ನು ಕಂಡು ಏಳಲು ನೋಡಿದಳು, ಗಂಡ ಹೆಗಲು ಹಿಡಿದು ಕೂರಿಸಿದ.

“ಗುಳಿಗೆ ನುಂಗ್ಲಿಲ್ವೇನಮ್ಮ?” ಅಂದೆ. ಮೇಷ್ಟರ ದನಿ ಬಂದುಬಿಟ್ಟಿತು.

ಅವಳು ತೊದಲುತ್ತ ಹೇಳಿದಳು. ಅರ್ಥವಾಗದ್ದನ್ನು ಗಂಡ ಬಿಡಿಸಿ ಹೇಳಿದ. ಹೊಳೆಯ ದಂಡೆಯ ಆ ಕೇರಿಯಲ್ಲಿ ಬಲೆಗೆ ಹೆಚ್ಚು ಬಿದ್ದ ದಿನ ಯಾರೂ ಒಬ್ಬರೇ ಇಟ್ಟುಕೊಳ್ಳುವುದಿಲ್ಲ. ಅಕ್ಕಪಕ್ಕದ ಒಲೆಗೂ ಒಂದೆರಡು ಮೀನು ಹೋಗಬೇಕು. ಗುಳಿಗೆಯೂ ಹಾಗೆಯೇ ಹೋಯಿತು.

“ಒಂದೊಂದೇ ತಿಂಗ್ಳುದ್ದು ಕೊಡ್ತಿದ್ದಾಗ ನಾ ಯಾರ್ಗೂ ಕೊಡ್ತಿರ್ನಿಲ್ಲ ಸಾ, ನಂಗೇ ಸರೋಯ್ತಿತ್ತು. ಈ ಸತಿ ಅಷ್ಟೊಂದಿತ್ತಲ್ಲ. ಪಕ್ಕದ್ ಮನೇರ್ಗೂ ಬಿಪಿ ಅದೆ, ಮುಂದಿನ್ ತಿಂಗ್ಳು ಬತ್ತೀವಿ ಅಂದಿದ್ರಿ. ಕಾದ್ರು. ನೀವು ಬರ್ನಿಲ್ಲ. ತಲೆ ತಿರುಗ್ತದೆ ಅಂತ ಬಂದು ನಿಂತ್ಕಂಡ್ರು. ಮನೇಲಿ ಮಡಿಕಂಡು ಇಲ್ಲ ಅನ್ನಾಕಾಯ್ತದಾ ಸಾ?”

“ಮುಗಿದ ಮೇಲೆ ಹನೂರಿಗೆ ಬರೋದಲ್ವಾ?”

“ಬರ್ಬೇಡಿ ಅಂತ ನೀವೇ ಯೋಳಿದ್ರಲ್ಲ ಸಾ” ಅಂದ ಗಂಡ. ದನಿಯಲ್ಲಿ ಸಿಟ್ಟಿರಲಿಲ್ಲ. “ಬಸ್ಸಿಗೆ ಒಂಟಿದ್ಲು. ಸಾ ಬಯ್ತಾರೆ ಅಂತ ವಾಪಸ್ ಬಂದ್ಬುಟ್ಲು.”

ನಾನು ತಮಾಷೆಗೆ ಅಂದದ್ದು ಎನ್ನೋಣವೆಂದರೆ ಅದು ಪೂರ್ತಿ ತಮಾಷೆಯೂ ಆಗಿರಲಿಲ್ಲ. ಯಾರೂ ಬರಬಾರದು, ಲೆಕ್ಕ ಕೆಡಬಾರದು ಎಂದೇ ನಾನು ಅಂದದ್ದು. ಆ ಜೀಪು ಯಾಕೆ ಬರಲಿಲ್ಲ, ಎಲ್ಲಿಗೆ ಹೋಯಿತು, ಅದನ್ನು ಯಾರು ತಿರುಗಿಸಿದರು ಎಂಬುದನ್ನು ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಎಡಗೈ ಚಾಚಿ ನನ್ನ ಕಾಲಿನ ಕಡೆ ಬಾಗಿದಳು.

“ತೆಪ್ಪು ನಂದೇ ಸಾ. ಸರ್ಕಾರುದ್ದು, ನಂಗೆ ಅಂತ ಕೊಟ್ಟಿದ್ನ ಅಂಚ್ಬುಟ್ಟೆ. ನಾ ಮಾಡಿದ್ಕೆ ಊರೋರ ಗುಳ್ಗೆ ನಿಲ್ಲಿಸ್ಬೇಡಿ. ಇದೊಂದ್ ಕಿತ ಮನ್ನಿಸ್ಬುಡಿ.”

ಗಂಡನೂ ಕೈ ಮುಗಿದ. ನನ್ನ ಹಿಂದೆಯೇ ಬಂದಿದ್ದ ಆಶಾ ಕಾರ್ಯಕರ್ತೆ, ನರ್ಸ್ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

“ಹೋಗ್ಲಿ ಬಿಡಮ್ಮ” ಅಂದೆ. “ಆದದ್ದು ಆಯ್ತು. ನಿಲ್ಲಿಸಲ್ಲ. ಇನ್ಮೇಲೆ ಹಿಂಗೆಲ್ಲ ಮಾಡಬೇಡ.”

ಆ ಎಳೆದುಕೊಂಡ ಬಾಯಲ್ಲೂ ಅವಳಿಗೆ ನಿರಾಳವಾದದ್ದು ಕಂಡಿತು. ನಮ್ಮ ಸಾ ದೊಡ್ಡ ಮನಸ್ಸಿನವರು ಎಂದು ಗಂಡ ಜೀಪಿನವರೆಗೂ ಬಂದು ಹೇಳಿದ. ನಾನು ಅವಳನ್ನು ಕ್ಷಮಿಸಿ, ಜೀಪು ಹತ್ತಿ ಬಂದೆ.