ಭತ್ತದ ವಿದ್ಯೆ ಯಾರದು

ಪೂರ್ವ ಆಫ್ರಿಕಾದ ಕರೆನ್ ಎಂಬ ಬಡಾವಣೆಯ ಶಾಲೆಯೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಕಳೆದ ವರ್ಷ ಅಟ್ಲಾಂಟಿಕ್ ಗುಲಾಮರ ವ್ಯಾಪಾರದ ಪಾಠದಲ್ಲಿ, ಇಂಗ್ಲೆಂಡಿನಿಂದ ಅಮೆರಿಕದ ವಸಾಹತುಗಳಿಗೆ ಬಂದ ಬಿಳಿಯ ಜಮೀನುದಾರರು ಭತ್ತ ಬೆಳೆದು ಶ್ರೀಮಂತರಾದರು ಎಂದೆ.

ಒಬ್ಬಳು ಹುಡುಗಿ ಎದ್ದು ನಿಂತಳು. ಅವಳ ಅಜ್ಜಿ ಇದೇ ದೇಶದ ಮ್ವೇಯಾ ಎಂಬಲ್ಲಿ ಭತ್ತ ಬೆಳೆಯುವವರು.

"ಮಿಸ್, ಇಂಗ್ಲೆಂಡಲ್ಲಿ ಭತ್ತದ ಗದ್ದೆನೇ ಇರ್ಲಿಲ್ವಲ್ಲ? ಗದ್ದೆಗೆ ನೀರು ಕಟ್ಟೋದನ್ನ ಆ ಜಮೀನುದಾರರಿಗೆ ಯಾರು ಹೇಳಿಕೊಟ್ರು?"

ಮಂಡ್ಯದ ಗದ್ದೆಗಳ ನಡುವೆ ಬೆಳೆದ ನನಗೇ ಈ ಪ್ರಶ್ನೆ ಹೊಳೆದಿರಲಿಲ್ಲ. ಇಬ್ಬರೂ ಲೈಬ್ರರಿಯಲ್ಲಿ ಕೂತು ಹುಡುಕಿದೆವು. ಪಶ್ಚಿಮ ಆಫ್ರಿಕಾದಲ್ಲಿ ಸೆರೆಹಿಡಿದು ಅಮೆರಿಕಕ್ಕೆ ಸಾಗಿಸಲಾದ ಗುಲಾಮರಲ್ಲಿ ತಲೆಮಾರುಗಳಿಂದ ಭತ್ತ ಬೆಳೆದವರಿದ್ದರು. ಆ ಗದ್ದೆಗಳಲ್ಲಿ ದುಡಿದದ್ದು ಅವರ ಮೈ ಮಾತ್ರವಲ್ಲ, ಅವರ ವಿದ್ಯೆಯೂ ಹೌದು.

ಮರುದಿನ ಆ ಪಾಠವನ್ನು ಅವಳಿಂದಲೇ ಮಾಡಿಸಿದೆ. ತಲೆಯೆತ್ತಿ, ತಡವರಿಸದೆ ಹೇಳಿದಳು. ನಾನು ಮಕ್ಕಳ ಜೊತೆ ಕೂತು ಬರೆದುಕೊಂಡೆ. ಟೀಚರ್ ಆಗಿ ನನಗೆ ಅಷ್ಟು ಹೆಮ್ಮೆಯೆನಿಸಿದ ದಿನ ಇನ್ನೊಂದಿಲ್ಲ.